ಕಾಫಿ ಖರೀದಿ ಬಿಲ್ಲಿಗೆ ಡೇಟಾ ಆಧಾರಿತ ಟೆಸ್ಟ್: ನನ್ನ ಅನುಭವ

ಚಿಕ್ಕಮಗಳೂರಿನ ಒಂದು ಕಾಫಿ ಖರೀದಿ ಸಂಸ್ಥೆಯ ಬಿಲ್ಲಿಂಗ್ ತಂತ್ರಾಂಶಕ್ಕೆ ಸ್ವಯಂಚಾಲಿತ ಟೆಸ್ಟ್ ಬರೆಯುವುದು ನನ್ನ ಕೆಲಸ. ಬೆಳೆಗಾರರು ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ತಂದು ಹಾಕುತ್ತಾರೆ. ತೂಕ, ತೇವಾಂಶ, ಓಟಿ ನೋಡಿ ಬಿಲ್ಲು ಆಗುತ್ತದೆ. ಓಟಿ ಎಂದರೆ ಔಟ್‌ಟರ್ನ್, ಅಂದರೆ 50 ಕೆಜಿ ಒಣ ಚೆರ್ರಿಯನ್ನು ಹಲ್ಲಿಂಗ್ ಮಾಡಿದಾಗ (ಸಿಪ್ಪೆ ತೆಗೆದಾಗ) ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬ ಲೆಕ್ಕ. ಸೂತ್ರ ಒಂದೇ ಸಾಲಿನದು. ಆದರೆ ಅರೇಬಿಕಾ, ರೋಬಸ್ಟಾ, ಚೆರ್ರಿ, ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ), ಬಿಡಿ ಕೆಜಿ (ಪೂರ್ತಿ ಮೂಟೆಯಾಗದೆ ಉಳಿದ ತೂಕ), ತೇವದ ಕಡಿತ, ಮುಂಗಡ ಎಂದು ಸೇರುತ್ತಾ ಹೋದರೆ ಪ್ರಕರಣಗಳಿಗೆ ಕೊನೆಯಿಲ್ಲ. ಹಳೆಯ ಕಡತದಲ್ಲಿ ಪ್ರತಿ ಪ್ರಕರಣಕ್ಕೂ ಒಂದು ಫಂಕ್ಷನ್ ಇತ್ತು. ಅಂಕಿಗಳನ್ನು ಬಿಟ್ಟರೆ ಎಲ್ಲವೂ ಒಂದರ ಪಡಿಯಚ್ಚು ಇನ್ನೊಂದು.

ಅಂಕಿಗಳನ್ನೆಲ್ಲ ಸಿಎಸ್‌ವಿ ಕಡತಕ್ಕೆ, ಅಂದರೆ ಅಲ್ಪವಿರಾಮಗಳಿಂದ ಕಾಲಮು ಬೇರ್ಪಡಿಸಿದ ಸರಳ ಕೋಷ್ಟಕಕ್ಕೆ, ಸಾಗಿಸಿದೆ. ಪೈಥಾನ್‌ನ ಟೆಸ್ಟ್ ಸಾಧನವಾದ ಪೈಟೆಸ್ಟ್‌ನ ಪ್ಯಾರಾಮೆಟ್ರೈಜ್ ಸೌಲಭ್ಯ ಅದರ ಒಂದೊಂದು ಸಾಲನ್ನೂ ಒಂದೊಂದು ಟೆಸ್ಟ್ ಆಗಿ ಓಡಿಸುತ್ತದೆ. ಜಾವಾದವರಿಗೆ ಟೆಸ್ಟ್‌ಎನ್‌ಜಿಯ ಡೇಟಾ ಪ್ರೊವೈಡರ್ ಇದೇ ಕೆಲಸ ಮಾಡಿಕೊಡುತ್ತದೆ. ಒಂದೇ ಟೆಸ್ಟ್ ಒಳಗೆ ಫಾರ್ ಲೂಪ್ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮೊದಲ ಸಾಲು ಬಿದ್ದೊಡನೆ ಲೂಪ್ ನಿಲ್ಲುತ್ತದೆ, ಉಳಿದವು ಬಿದ್ದವೋ ಗೆದ್ದವೋ ತಿಳಿಯುವುದಿಲ್ಲ.

ಇಷ್ಟು ಕೋಡ್ ಬರೆಯಲು ಒಂದು ಸಂಜೆ ಸಾಕು. ನಿಜವಾದ ದುಡಿಮೆ ಇರುವುದು ‘ನಿರೀಕ್ಷಿತ ಮೊತ್ತ’ ಎಂಬ ಕಾಲಮಿನಲ್ಲಿ. ಅದನ್ನು ನಾನೇ ಸ್ಕ್ರಿಪ್ಟ್ ಬರೆದು ತುಂಬಿದರೆ ತಂತ್ರಾಂಶದ ಸೂತ್ರವನ್ನೇ ಇನ್ನೊಮ್ಮೆ ಬರೆದಂತಾಗುತ್ತದೆ. ಎರಡೂ ಕಡೆ ಒಂದೇ ತಪ್ಪಿದ್ದರೆ ಎರಡೂ ಒಪ್ಪಿಕೊಂಡು ಕೂರುತ್ತವೆ. ಹಾಗಾಗಿ ಖಾಲಿ ಕಾಲಮನ್ನು ಸಂಸ್ಥೆಯ ಹಿರಿಯ ಲೆಕ್ಕಿಗರ ಮುಂದಿಟ್ಟೆ. ಅವರು ಕ್ಯಾಲ್ಕುಲೇಟರ್ ಹಿಡಿದು ಕೈಯಾರೆ ತುಂಬಿದರು. “ಗುಂಡು ಲೆಕ್ಕ ಯಾವ ಯಂತ್ರವಾದರೂ ಮಾಡುತ್ತದಮ್ಮ, ಬಿಡಿ ಕೆಜಿ ಬಂದಾಗ ಏನು ಮಾಡುತ್ತದೆ ನೋಡು” ಎಂದು ಅವರೇ ಸೇರಿಸಿದ ಸಾಲುಗಳಲ್ಲಿ ಒಂದು ಹೀಗಿತ್ತು: ರೋಬಸ್ಟಾ ಚೆರ್ರಿ, 50 ಕೆಜಿಯ 12 ಮೂಟೆ, ಬಿಡಿ 17.5 ಕೆಜಿ, ಓಟಿ 27.5, ಓಟಿ ದರ (ಒಂದು ಕೆಜಿ ಬೀಜಕ್ಕೆ) 385 ರೂಪಾಯಿ.

ಒಟ್ಟು 617.5 ಕೆಜಿ, ಬೀಜ 339.625 ಕೆಜಿ, ಮೊತ್ತ 1,30,755.625 ರೂಪಾಯಿ. ಲೆಕ್ಕಿಗರು ಬರೆದದ್ದು 63 ಪೈಸೆ, ತಂತ್ರಾಂಶ ಕೊಟ್ಟದ್ದು 62. ಪೈಥಾನ್‌ನಲ್ಲಿ ದಶಮಾಂಶ ಲೆಕ್ಕ ಮಾಡುವ ಡೆಸಿಮಲ್, ಬೇರೆ ಹೇಳದಿದ್ದರೆ, ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮ ಅಂಕಿಗೆ ಹೊಂದಿಸುತ್ತದೆ. ನಮ್ಮ ವ್ಯಾಪಾರದಲ್ಲಿ ಅರ್ಧ ಪೈಸೆ ಯಾವಾಗಲೂ ಮೇಲಕ್ಕೆ. ಒಂದು ಪೈಸೆಯಿಂದ ಯಾರೂ ಬಡವರಾಗುವುದಿಲ್ಲ, ನಿಜ. ಆದರೆ ಬಿಲ್ಲಿಗೂ ಲೆಡ್ಜರಿಗೂ ತಾಳೆಯಾಗದ ದಿನ ರಾತ್ರಿ ಎಂಟರವರೆಗೆ ಕುಳಿತು ಹುಡುಕುವವರು ಲೆಕ್ಕಿಗರು, ಪ್ರೋಗ್ರಾಮರ್ ಅಲ್ಲ.

ಕಡತವು ಎಕ್ಸೆಲ್‌ಗೆ ಹೋಗಿ ಬರುವುದರಿಂದ ಕೆಲವು ಕಾಟಗಳು ಖಚಿತ. ಯುಟಿಎಫ್-8 (ಕನ್ನಡ ಅಕ್ಷರಗಳನ್ನೂ ಉಳಿಸುವ ಸಂಕೇತ ಪದ್ಧತಿ) ಸಿಎಸ್‌ವಿ ಎಂದು ಉಳಿಸಿದಾಗ ಎಕ್ಸೆಲ್ ಕಡತದ ತಲೆಗೆ ಕಣ್ಣಿಗೆ ಕಾಣದ ಬಿಒಎಂ ಗುರುತು ಅಂಟಿಸುತ್ತದೆ. ಅದು ಸೇರಿಕೊಂಡದ್ದರಿಂದ ಮೊದಲ ಕಾಲಮಿನ ಹೆಸರು ಇದ್ದೂ ಇಲ್ಲವೆನ್ನುತ್ತದೆ ಪೈಥಾನ್. ‘ಯುಟಿಎಫ್-8-ಸಿಗ್’ ಎಂದು ಓದಿಸಿದರೆ ಆಯಿತು. ಸದಸ್ಯ ಸಂಖ್ಯೆಯ ಮುಂದಿನ ಸೊನ್ನೆಗಳನ್ನು ಎಕ್ಸೆಲ್ ನುಂಗುತ್ತದೆ, ಆ ಕಾಲಮನ್ನು ಪಠ್ಯ ಎಂದು ಮೊದಲೇ ಗೊತ್ತುಮಾಡಬೇಕು.

ಊರಿನ ಹೆಸರಿನ ತೊಡಕು ಬೇರೆಯದೇ. ‘ಕೊಪ್ಪ’ದ ಮೊದಲ ಅಕ್ಷರದ ಒ-ಕಾರ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎ-ಕಾರ ಮತ್ತು ಊ-ಕಾರದ ಎರಡು ಸಂಕೇತಗಳ ಜೋಡಿಯಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಎರಡನ್ನೂ ಎರಡು ಸಾಲುಗಳಾಗಿ ಕಡತದಲ್ಲಿಟ್ಟಿದ್ದೇನೆ. ತಂತ್ರಾಂಶ ಹುಡುಕುವ ಮೊದಲು ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಯನ್ನು ಒಂದೇ ಸಂಕೇತವಾಗಿಸುವ ರೂಪ) ತರದಿದ್ದರೆ ಒಂದು ಬೀಳುತ್ತದೆ.

ಪ್ರತಿ ಸಾಲಿಗೂ ಹೆಸರಿಡಿ. ‘ಬಿಡಿ ಕೆಜಿ, ಅರ್ಧ ಪೈಸೆ’ ಎಂದು ವರದಿಯಲ್ಲಿ ಕಂಡರೆ ಯಾರೂ ಸಾಲು ಎಣಿಸಬೇಕಿಲ್ಲ. ಪೈಟೆಸ್ಟ್ ಕನ್ನಡದ ಹೆಸರುಗಳನ್ನು ಯುನಿಕೋಡ್ ಸಂಕೇತಗಳ ರಾಶಿ ಮಾಡಿ ತೋರಿಸುತ್ತದೆ. ಅದನ್ನು ತಡೆಯುವ ಸೆಟ್ಟಿಂಗ್ ಇದೆ, ಆದರೆ ಸಮುದಾಯದ ಬೆಂಬಲದ ಹಕ್ಕನ್ನೆಲ್ಲ ಬಿಟ್ಟುಕೊಡುತ್ತೇನೆಂದು ಅದರ ಹೆಸರಿನಲ್ಲೇ ಬರೆಸಿಕೊಳ್ಳುತ್ತದೆ! ನಾನು ಬಿಟ್ಟುಕೊಟ್ಟಿದ್ದೇನೆ. ಇನ್ನೊಂದು ಸೆಟ್ಟಿಂಗ್ ಮಾತ್ರ ತಮಾಷೆಯದಲ್ಲ: ಕಡತ ಖಾಲಿಯಾಗಿದ್ದರೆ ಪೈಟೆಸ್ಟ್ ಟೆಸ್ಟನ್ನು ಬೀಳಿಸುವುದಿಲ್ಲ, ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಖಾಲಿ ಇದ್ದರೆ ಆರಂಭದಲ್ಲೇ ವಿಫಲವೆಂದು ಸಾರುವಂತೆ ಮಾಡಿಟ್ಟಿದ್ದೇನೆ.

ಎಲ್ಲವನ್ನೂ ಕೋಷ್ಟಕಕ್ಕೆ ತುರುಕಬಾರದು. ‘ಮುಂಗಡ ಇದೆಯೇ’, ‘ಇದ್ದರೆ ಈ ಹಂತ ಬಿಡು’ ಎಂಬಂಥ ಕಾಲಮುಗಳು ಬರತೊಡಗಿದಾಗ ಮುಂಗಡದ ಪ್ರಕರಣಗಳಿಗೆ ಬೇರೆ ಕಡತ, ಬೇರೆ ಟೆಸ್ಟ್ ಮಾಡಿದೆ. ಬಿಲ್ಲು ಉಳಿಸುವ ನಡುವೆ ಕರೆಂಟ್ ಹೋದರೆ ಏನಾಗಬೇಕು ಎಂಬುದು, ಮಳೆಗಾಲದ ಮಲೆನಾಡಿನಲ್ಲಿ ಕೇಳಲೇಬೇಕಾದ ಪ್ರಶ್ನೆ, ಸಾಲು-ಕಾಲಮುಗಳಿಗೆ ಒಗ್ಗುವುದಿಲ್ಲ. ಅದಕ್ಕೆ ಹಳೆಯ ರೀತಿಯಲ್ಲೇ ಒಂದು ಫಂಕ್ಷನ್ ಬರೆದಿಟ್ಟಿದ್ದೇನೆ.