ತೂಕ ಅರ್ಧ ದಾರಿ ಇಳಿದಾಗ ನಿಲ್ಲುತ್ತಿದ್ದ ಆಳೆತ್ತರದ ಗಡಿಯಾರ

ತುಮಕೂರಿನ ಚಿಕ್ಕಪೇಟೆಯ ಹಳೇ ಮನೆಯೊಂದರಿಂದ ಕೊಂಡದ್ದು, ವಾರಕ್ಕೊಮ್ಮೆ ಕೀಲಿ ಕೊಡುವ ಗಡಿಯಾರ. ಮೊದಲು ಚೆನ್ನಾಗಿ ನಡೆದು, ಅದನ್ನು ನಡೆಸುವ ತೂಕಗಳು ಲೋಲಕದ ಬಿಲ್ಲೆಯ ಮಟ್ಟಕ್ಕೆ ಇಳಿದಾಗ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಅದೇ ಜಾಗದಲ್ಲಿ.

ಎಚ್‌ಎಂಟಿ ಕಾರ್ಖಾನೆ ಇದ್ದ ಊರು, ರಿಪೇರಿ ಬಲ್ಲವರು ಸಿಗುತ್ತಾರೆ. ಯಂತ್ರ ಬಿಚ್ಚಿಸಿ ತೊಳೆಸಿ ಎಣ್ಣೆ ಬಿಡಿಸಿದೆ (ಚಕ್ರದ ಹಲ್ಲುಗಳಿಗೆ ಮಾತ್ರ ಬೇಡ, ಧೂಳು ಕೂತು ಸವೆಯುತ್ತವೆ). ಲೋಲಕ ನೇತುಹಾಕುವ ತೆಳು ಸ್ಪ್ರಿಂಗ್ ಬದಲಾಯಿಸಿದೆ. ರಸಮಟ್ಟ ಇಟ್ಟು ಕಾಲಡಿ ಚಕ್ಕೆ ಕೊಟ್ಟೆ. ಯಾವುದೂ ಕೆಲಸಕ್ಕೆ ಬರಲಿಲ್ಲ.

ಕಾರಣ ಇದು: ತೂಕ ನೇತಾಡುವ ಹಗ್ಗದ ಉದ್ದ ಲೋಲಕದ ಉದ್ದಕ್ಕೆ ಸಮವಾದಾಗ, ಪೆಟ್ಟಿಗೆಯ ಸಣ್ಣ ಅಲುಗಾಟಕ್ಕೇ ತೂಕವೂ ತೂಗತೊಡಗಿ ಲೋಲಕದ ಶಕ್ತಿ ಕದಿಯುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ತೂಕ ಕೂದಲೆಳೆಯಷ್ಟು ಆಡುವುದು ಕಾಣುತ್ತದೆ.

ಪರಿಹಾರ, ಪೆಟ್ಟಿಗೆಯನ್ನು ಗೋಡೆಗೆ ಬಿಗಿಯುವುದು. ಮೊದಲು ತೂಕ, ಲೋಲಕ ತೆಗೆದಿಡಿ. ಪೆಟ್ಟಿಗೆಗೂ ಗೋಡೆಗೂ ಇರುವ ಸಂದಿಯಷ್ಟೇ ದಪ್ಪದ ಮರದ ಪಟ್ಟಿಯನ್ನು ಗೋಡೆಗೆ ಹೊಡೆದು, ಯಂತ್ರದ ಎತ್ತರದಲ್ಲಿ ಹಿಂಬದಿ ಹಲಗೆಯ ಮೂಲಕ ಎರಡು ಸ್ಕ್ರೂ ಬಿಗಿಯಿರಿ. ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ನಿಲ್ಲದು, ಮರದ ಗೂಟ ಬೇಕು. ಕೈಯಿಂದ ತಳ್ಳಿದರೆ ಪೆಟ್ಟಿಗೆ ಸ್ವಲ್ಪವೂ ಅಲುಗಬಾರದು.

ಆಮೇಲೆ ತೂಕ, ಲೋಲಕ ಮತ್ತೆ ಹಾಕಿ ಬಡಿತ ಸರಿಮಾಡಿ. ಲೋಲಕವನ್ನು ನಿಧಾನ ಎಡಕ್ಕೆ, ಬಲಕ್ಕೆ ಸರಿಸಿ. ಎರಡೂ ಕಡೆ ಸಮ ದೂರದಲ್ಲಿ ಟಿಕ್ ಬರಬೇಕು. ಬರದಿದ್ದರೆ, ಲೋಲಕ ತಳ್ಳುವ ಕಡ್ಡಿಯನ್ನು ಬೇಗ ಟಿಕ್ ಬರುವ ಕಡೆಗೆ ತುಸು ಬಗ್ಗಿಸಿ.

ವೇಗ ಕೊನೆಗೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದು ಸೆಕೆಂಡಿನಲ್ಲಿ ತೂಗುವ ಲೋಲಕದ ಉದ್ದ ಸುಮಾರು 99.4 ಸೆಂ.ಮೀ.; 1 ಮಿ.ಮೀ. ಬದಲಾದರೆ ದಿನಕ್ಕೆ ಸುಮಾರು 43 ಸೆಕೆಂಡ್ ವ್ಯತ್ಯಾಸ. ಹಿಂದೆ ಬಿದ್ದರೆ ಬಿಲ್ಲೆಯಡಿಯ ನಟ್ಟು ತಿರುಗಿಸಿ ಬಿಲ್ಲೆ ಮೇಲೇರಿಸಿ, ಒಂದು ದಿನ ಬಿಟ್ಟು ನೋಡಿ.