ಎಂಕ್ಯೂ ಕನೆಕ್ಟ್ ಆಗ್ತಿಲ್ವಾ? ಮೊದಲು ಆ ನಾಲ್ಕಂಕಿ ನೋಡಿ

ಐಬಿಎಂ ಎಂಕ್ಯೂಗೆ (ಅಪ್ಲಿಕೇಶನ್‌ಗಳ ನಡುವೆ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್) ಅಪ್ಲಿಕೇಶನ್ ಕನೆಕ್ಟ್ ಆಗದಿದ್ದರೆ ಎಲ್ಲರೂ ಮೊದಲು ಬೈಯುವುದು ನೆಟ್‌ವರ್ಕ್ ಟೀಮನ್ನು. ನಾನೂ ಬೈದಿದ್ದೇನೆ, ಆಮೇಲೆ ಸಾರಿನೂ ಕೇಳಿದ್ದೇನೆ. ಟಿಕೆಟ್ ಹಾಕುವ ಮುಂಚೆ ಯಾಕೆ ಆಗಲಿಲ್ಲ ಅಂತ ಎಂಕ್ಯೂ ಕೊಡುವ ನಾಲ್ಕಂಕಿಯ ರೀಸನ್ ಕೋಡ್ ಹುಡುಕಿ. ಜಾವಾ ಆದರೆ ಅದು ಮಾರುದ್ದದ ಸ್ಟ್ಯಾಕ್ ಟ್ರೇಸ್‌ನಲ್ಲಿ (ಎರರ್ ಬಂದಾಗ ಬೀಳುವ ಸಾಲುಗಳ ಪಟ್ಟಿ) ಎಲ್ಲೋ ಕೆಳಗೆ ಅಡಗಿ ಕೂತಿರುತ್ತದೆ.

2538 ಬಂದರೆ ನೀವಿನ್ನೂ ಬಾಗಿಲಿಗೇ ತಲುಪಿಲ್ಲ. ಹೋಸ್ಟ್ ಹೆಸರು, ಪೋರ್ಟ್, ಲಿಸನರ್ (ಪೋರ್ಟ್‌ನಲ್ಲಿ ಕಾದು ಕನೆಕ್ಷನ್ ತೆಗೆದುಕೊಳ್ಳುವ ಪ್ರೋಗ್ರಾಂ), ಫೈರ್‌ವಾಲ್, ಈ ನಾಲ್ಕರಲ್ಲಿ ಒಂದು. ಡೀಫಾಲ್ಟ್ ಪೋರ್ಟ್ 1414 ನಿಜ, ಆದರೆ ಒಂದೇ ಸರ್ವರ್‌ನಲ್ಲಿ ಎರಡು ಮೂರು ಕ್ಯೂ ಮ್ಯಾನೇಜರ್ (ಮೆಸೇಜ್ ಸಾಲುಗಳಾದ ಕ್ಯೂಗಳನ್ನು ನೋಡಿಕೊಳ್ಳುವ ಎಂಕ್ಯೂ ಸರ್ವರ್) ಇದ್ದರೆ ಸಾಮಾನ್ಯವಾಗಿ ಒಂದೊಂದಕ್ಕೂ ಬೇರೆ ಪೋರ್ಟ್ ಇರುತ್ತದೆ. ಆ ಪೋರ್ಟ್ ತಲುಪುತ್ತದಾ ಅಂತ ಟೆಲ್ನೆಟ್ ಕಮಾಂಡ್ ಕೊಟ್ಟು ನೋಡಿ. ಅದೂ ನಿಮ್ಮ ಲ್ಯಾಪ್‌ಟಾಪಿಂದ ಅಲ್ಲ, ಅಪ್ಲಿಕೇಶನ್ ಓಡುವ ಮಷೀನಿಂದಲೇ. ತಕ್ಷಣ 'ರೆಫ್ಯೂಸ್ಡ್' ಅಂದರೆ ಹೆಚ್ಚಾಗಿ ಲಿಸನರ್ ಎದ್ದಿಲ್ಲ. ಸುಮ್ನೆ ಕಾಯ್ತಾ ನಿಂತರೆ ಫೈರ್‌ವಾಲ್ ಮೇಲೆ ಅನುಮಾನ ಪಡಿ. ಈಗ ಬೈಯಬಹುದು.

2058 ಅಂದರೆ ಕ್ಯೂ ಮ್ಯಾನೇಜರ್ ಹೆಸರು ತಪ್ಪು, 2540 ಅಂದರೆ ಚಾನೆಲ್ (ಅಪ್ಲಿಕೇಶನ್ ಒಳಬರುವ, ಕ್ಯೂ ಮ್ಯಾನೇಜರ್‌ನಲ್ಲಿ ಹೆಸರಿಟ್ಟ ದಾರಿ) ಹೆಸರು ತಪ್ಪು. ದೊಡ್ಡಕ್ಷರ ಸಣ್ಣಕ್ಷರ ಎಂಕ್ಯೂಗೆ ಬೇರೆ ಬೇರೆ. ಅಡ್ಮಿನ್ ಸಣ್ಣಕ್ಷರದಲ್ಲಿ ಚಾನೆಲ್ ಹೆಸರು ಟೈಪ್ ಮಾಡಿ ಸಿಂಗಲ್ ಕೋಟ್ ಹಾಕೋದು ಮರೆತರೆ ಅದು ದೊಡ್ಡಕ್ಷರದಲ್ಲಿ ಸೇವ್ ಆಗಿಬಿಡುತ್ತದೆ, ಆಮೇಲೆ ಎರಡೂ ಕಡೆಯವರು 'ಹೆಸರು ಸರಿಯಾಗೇ ಇದೆಯಲ್ಲಾ' ಅಂತ ಅರ್ಧ ದಿನ ವಾದ ಮಾಡುತ್ತಾರೆ.

ಜಾಸ್ತಿ ಸತಾಯಿಸುವುದು 2035, ಅಂದರೆ ಅನುಮತಿ ಇಲ್ಲ. ಯಾಕೆ ಇಲ್ಲ ಅಂತ ಕ್ಲೈಂಟ್‌ಗೆ (ಕನೆಕ್ಟ್ ಆಗಲು ಬಂದ ಅಪ್ಲಿಕೇಶನ್‌ಗೆ) ಹೇಳೋದಿಲ್ಲ, ಹೊರಗಿನವರಿಗೆ ಸುಳಿವು ಸಿಗಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಕಾರಣ ಸಿಗುವುದು ಸರ್ವರ್ ಕಡೆ, ಆ ಕ್ಯೂ ಮ್ಯಾನೇಜರ್‌ನ ಎರರ್ ಲಾಗ್‌ನಲ್ಲಿ. ಅಲ್ಲಿ 9776 ಅಥವಾ 9777 ಕಂಡರೆ ಚಾನೆಲ್ ರೂಲೇ (ಯಾರು ಒಳಗೆ ಬರಬಹುದು ಅನ್ನುವ ನಿಯಮ) ತಡೆದಿದೆ. ಹೊಸ ಕ್ಯೂ ಮ್ಯಾನೇಜರ್‌ನಲ್ಲಿ ಅಡ್ಮಿನ್ ಯೂಸರ್‌ಗಳು ಹೊರಗಿಂದ ಬರದಂತೆ ಮೊದಲೇ ರೂಲ್ ಇರುತ್ತದೆ, ಹಾಗಾಗಿ 'ಅಡ್ಮಿನ್ ಯೂಸರ್ ಹಾಕಿದ್ರೂ ಆಗ್ತಿಲ್ಲ' ಅನ್ನೋದು ತಮಾಷೆಯಲ್ಲ, ಅಡ್ಮಿನ್ ಹಾಕಿದ್ದಕ್ಕೇ ಆಗ್ತಿಲ್ಲ. ರೂಲ್ ದಾಟಿದರೆ ಪಾಸ್‌ವರ್ಡ್ ನೋಡಿ. ಅದೂ ಸರಿಯಿದ್ದರೆ, ಆ ಯೂಸರ್‌ಗೆ ಕ್ಯೂ ಮೇಲೆ ಮಾತ್ರವಲ್ಲ, ಕ್ಯೂ ಮ್ಯಾನೇಜರ್‌ಗೆ ಕನೆಕ್ಟ್ ಆಗುವ ಅನುಮತಿಯೂ ಇದೆಯಾ ನೋಡಿ. ಗ್ರೂಪ್ ಬದಲಾಯಿಸಿದ್ದರೆ ಸೆಕ್ಯೂರಿಟಿ ರಿಫ್ರೆಶ್ ಮಾಡಲೇಬೇಕು. ತಾಳ್ಮೆ ಕೆಟ್ಟು ಚಾನೆಲ್ ರೂಲ್‌ಗಳನ್ನೇ ಪೂರ್ತಿ ಆಫ್ ಮಾಡುವವರಿದ್ದಾರೆ. ದಯವಿಟ್ಟು ಬೇಡ.

2009 ಬೇರೆ ಥರ. ಇದ್ದ ಕನೆಕ್ಷನ್ ನಡುವೆ ಕಡಿದುಹೋಗಿದೆ. ಒಂದು ಪ್ರಾಜೆಕ್ಟ್‌ನಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಮೊದಲ ಮೆಸೇಜ್ ಮಾತ್ರ ಫೇಲ್ ಆಗುತ್ತಿತ್ತು, ಮತ್ತೆ ಪ್ರಯತ್ನಿಸಿದರೆ ಸರಿ, ಉಳಿದ ವಾರವೆಲ್ಲ ಆರಾಮ. ವಾರಾಂತ್ಯದಲ್ಲಿ ಟ್ರಾಫಿಕ್ ಇಲ್ಲ ಅಂತ ನಡುವಿನ ಫೈರ್‌ವಾಲ್ ಕನೆಕ್ಷನ್ ಮರೆತುಬಿಡುತ್ತಿತ್ತು, ಎರಡೂ ತುದಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಎಂಕ್ಯೂ ಹಾರ್ಟ್‌ಬೀಟ್ (ಸುಮ್ಮನಿರುವ ಕನೆಕ್ಷನ್ ಬದುಕಿದೆಯಾ ಅಂತ ಆಗಾಗ ಕಳಿಸುವ ಸಂಕೇತ) ಡೀಫಾಲ್ಟ್ 300 ಸೆಕೆಂಡ್. ಅದೇ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್ ಮಟ್ಟದಲ್ಲಿ ಮಾಡುವ ಲಿನಕ್ಸ್ ಕೀಪ್‌ಅಲೈವ್ ಡೀಫಾಲ್ಟ್ 7200 ಸೆಕೆಂಡ್, ಅಂದರೆ ಎರಡು ಗಂಟೆ. ಫೈರ್‌ವಾಲ್ ಇವೆರಡಕ್ಕಿಂತ ಬೇಗ ಕೈಬಿಟ್ಟರೆ ಇವು ಉಪಯೋಗಕ್ಕೆ ಬರಲ್ಲ. ನಾವು ಸರ್ವರ್ ಚಾನೆಲ್‌ನಲ್ಲಿ ಹಾರ್ಟ್‌ಬೀಟ್ 60ಕ್ಕೆ ಇಳಿಸಿದೆವು, ಏನೂ ಬದಲಾಗಲಿಲ್ಲ. ಎರಡು ತುದಿಯಲ್ಲಿ ಯಾವುದು ದೊಡ್ಡದೋ ಅದೇ ಲೆಕ್ಕಕ್ಕೆ ಬರುವುದು! ಕ್ಲೈಂಟ್ ಕಡೆಯೂ ಇಳಿಸಿದ ಮೇಲೆ ಸೋಮವಾರದ ಕಾಟ ನಿಂತಿತು. ಚಾನೆಲ್‌ನಲ್ಲಿ ಶೇರ್ಡ್ ಕಾನ್ವರ್ಸೇಶನ್ (ಒಂದೇ ನೆಟ್‌ವರ್ಕ್ ಕನೆಕ್ಷನ್ ಅನ್ನು ಎಷ್ಟು ಸಂಭಾಷಣೆ ಹಂಚಿಕೊಳ್ಳಬಹುದು ಅನ್ನುವ ಸೆಟ್ಟಿಂಗ್) 0 ಇಟ್ಟಿದ್ದರೆ ಸುಮ್ಮನಿರುವ ಕನೆಕ್ಷನ್‌ನಲ್ಲಿ ಹಾರ್ಟ್‌ಬೀಟ್ ಹರಿಯೋದಿಲ್ಲ, ಅದನ್ನೂ ನೋಡಿಕೊಳ್ಳಿ.

2537 ಬಂದರೆ ಚಾನೆಲ್ ನಿಂತಿದೆ ಅಥವಾ ಕನೆಕ್ಷನ್‌ಗಳ ಮಿತಿ ತುಂಬಿದೆ. ಮಿತಿ ಹೆಚ್ಚಿಸುವ ಮುಂಚೆ ಚಾನೆಲ್ ಸ್ಟೇಟಸ್ ತೆಗೆದು ಯಾವ ಐಪಿಯಿಂದ ಎಷ್ಟು ಕನೆಕ್ಷನ್ ಬಂದಿದೆ ಎಣಿಸಿ. ಬಹಳ ಸಲ ಒಂದೇ ಅಪ್ಲಿಕೇಶನ್, ಕನೆಕ್ಷನ್ ತೆರೆದು ಮುಚ್ಚದೆ ಬಿಟ್ಟಿರುತ್ತದೆ.