ಮುಂಬಯಿ ಮಳೆಗೆ ಮೊದಲೇ ಹತ್ಯಾರುಗಳ ಆರೈಕೆ

ಊರ ಕಡೆ ಆಯುಧಪೂಜೆ ಹತ್ತಿರ ಬಂದಾಗ ಹತ್ಯಾರುಗಳನ್ನೆಲ್ಲ ತೆಗೆದು ಒರೆಸಿ, ಎಣ್ಣೆ ಹಚ್ಚಿ ಇಡುವುದು ರೂಢಿ. ಮುಂಬಯಿಗೆ ಆ ಲೆಕ್ಕ ಹೊಂದುವುದಿಲ್ಲ. ನವರಾತ್ರಿ ಬರುವಷ್ಟರಲ್ಲಿ ಮಳೆಗಾಲ ಕಳೆದು, ತುಕ್ಕು ತನ್ನ ಕೆಲಸ ಮುಗಿಸಿರುತ್ತದೆ. ಡೊಂಬಿವಲಿಯ ಬಾಲ್ಕನಿಯಲ್ಲಿ ಡ್ರಿಲ್ ಸ್ಟ್ಯಾಂಡ್ ಇಟ್ಟುಕೊಂಡವರಿರಲಿ, ವಸಾಯಿಯ ಗಾಲಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಕೋಣೆಯಲ್ಲಿ, ಪುಟ್ಟ ಲೇತ್ ಹೂಡಿಕೊಂಡವರಿರಲಿ, ದೊಡ್ಡ ಸ್ವಚ್ಛತೆಯನ್ನು ಮೇ ಕೊನೆಯ ವಾರದಲ್ಲೇ ಮಾಡಬೇಕು. ಸಾಮಾನ್ಯವಾಗಿ ಜೂನ್ ಎರಡನೇ ವಾರಕ್ಕೆ ಮಳೆ ಬರುತ್ತದೆ.

ಮೆಷಿನ್ ಜೊತೆ ಬರುವ ಪುಸ್ತಕದಲ್ಲಿ ಇಷ್ಟು ಗಂಟೆ ಓಡಿದ ಮೇಲೆ ಎಣ್ಣೆ, ಅಷ್ಟು ಗಂಟೆಗೆ ಗ್ರೀಸ್ ಎಂದಿರುತ್ತದೆ. ದಿನವಿಡೀ ದುಡಿಯುವ ಕಾರ್ಖಾನೆಗೆ ಅದು ಸರಿ. ಮನೆಯ ಮೆಷಿನ್ ವಾರಕ್ಕೊಮ್ಮೆ, ಕೆಲವೊಮ್ಮೆ ತಿಂಗಳಿಗೊಮ್ಮೆ ಓಡುತ್ತದೆ, ಉಳಿದ ಹೊತ್ತೆಲ್ಲ ತೇವದಲ್ಲಿ ನಿಂತಿರುತ್ತದೆ. ಹಾಳಾಗುವುದು ಆ ನಿಂತ ಹೊತ್ತಿನಲ್ಲೇ. ಆದ್ದರಿಂದ ಕೆಲಸವಿರಲಿ ಇಲ್ಲದಿರಲಿ, ಮಳೆಗಾಲದಲ್ಲಿ ಪ್ರತಿ ಮೋಟಾರನ್ನೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಅದರ ಬಿಸಿಗೆ ಒಳಗಿನ ತಂತಿ ಸುರುಳಿಯಲ್ಲಿ, ಅಂದರೆ ವೈಂಡಿಂಗ್‌ನಲ್ಲಿ ಕೂತ ತೇವ ಆರುತ್ತದೆ.

ಮೊದಲು ಬರಿ ಕಬ್ಬಿಣದ ಮೈ: ಡ್ರಿಲ್ ಮೆಷಿನ್ನಿನ ಟೇಬಲ್, ಲೇತ್ ಬೆಡ್, ವೈಸ್, ಉಜ್ಜುಗೊರಡಿನ ತಳ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ಜಿಡ್ಡು ತೆಗೆದು, ಒಣಬಟ್ಟೆಯಿಂದ ಒರೆಸಿ, ಆಮೇಲೆ ಎಣ್ಣೆಯ ತೆಳು ಪದರ ಹಚ್ಚಿ. ಲೇತ್ ಬೆಡ್ಡಿಗೆ 68 ನಂಬರಿನ ಸ್ಲೈಡ್‌ವೇ ಎಣ್ಣೆ (ಜಾರುವ ಮೈಗೆಂದೇ ಇರುವ ಎಣ್ಣೆ) ಬೇಕು, ಗ್ರೀಸ್ ಬೇಡ. ಗ್ರೀಸಿಗೆ ಕಬ್ಬಿಣದ ಪುಡಿ ಅಂಟಿಕೊಂಡು ಬೆಡ್ಡನ್ನೇ ಅರದಂತೆ ಉಜ್ಜುತ್ತದೆ. ಮರ ತಾಗುವ ಟೇಬಲ್ಲುಗಳಿಗೆ ಎಣ್ಣೆಯ ಬದಲು ಪೇಸ್ಟ್ ವ್ಯಾಕ್ಸ್ ತಿಕ್ಕಿ. ಸಿಲಿಕೋನ್ ಇರುವ ಸ್ಪ್ರೇ ಹತ್ತಿರ ತರಬೇಡಿ. ಅದು ಮರಕ್ಕೆ ಹತ್ತಿದರೆ ಮುಂದೆ ಪಾಲಿಶ್ ಹಿಡಿಯುವುದಿಲ್ಲ, ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಗೋವೆಯಲ್ಲಿ, ಮುಂಬಯಿಯಲ್ಲೂ ಕಡಲಿಗೆ ಹತ್ತಿರದ ಮನೆಗಳಲ್ಲಿ, ಎಣ್ಣೆ ಹಚ್ಚುವ ಮೊದಲು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿ ಚೆನ್ನಾಗಿ ಒಣಗಿಸಬೇಕು. ಸೀಮೆಎಣ್ಣೆಗೆ ಉಪ್ಪು ಕರಗುವುದಿಲ್ಲ. ಎಣ್ಣೆಯ ಕೆಳಗೆ ಉಳಿದ ಉಪ್ಪು ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ.

ಉಳಿ, ಅರ, ಡ್ರಿಲ್ ಬಿಟ್‌ಗಳಂಥ ಸಣ್ಣ ಹತ್ಯಾರುಗಳಿಗೆ ಬಾಗಿಲು ಭದ್ರವಾಗಿ ಮುಚ್ಚುವ ಕಪಾಟು ಬೇಕು. ಒಳಗೆ 40 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಉರಿಸಿದರೆ ಸಾಕಷ್ಟು ಅನುಕೂಲವಾಗುತ್ತದೆ. ಎಲ್‌ಇಡಿಯಲ್ಲಿ ಅಷ್ಟು ಬಿಸಿ ಇಲ್ಲ. 28 ಡಿಗ್ರಿಯಲ್ಲಿ 90 ಶೇಕಡಾ ಇರುವ ತೇವಾಂಶ, ಒಳಗಿನ ಗಾಳಿ 5 ಡಿಗ್ರಿ ಬಿಸಿಯಾದರೆ ಸುಮಾರು 68ಕ್ಕೆ ಇಳಿಯುತ್ತದೆ. ಬಲ್ಬಿನ ಸುತ್ತ ತಂತಿಯ ಜಾಲರಿ ಇರಲಿ. ಮರದ ಹೊಟ್ಟಾಗಲಿ ಎಣ್ಣೆ ಬಟ್ಟೆಯಾಗಲಿ ಆ ಕಪಾಟಿನಲ್ಲಿ ಇರಲೇಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನಂತೂ ಮುದ್ದೆ ಮಾಡಿ ಎಲ್ಲೂ ಇಡಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ.

ಹೆಚ್ಚಿನವರು ಮರೆಯುವುದು ಗಾಳಿ ಒತ್ತಿ ತುಂಬುವ ಕಂಪ್ರೆಸರನ್ನು, ಅಪಾಯ ಹೆಚ್ಚಿರುವುದೂ ಅದರಲ್ಲೇ. ಜುಲೈ ತಿಂಗಳ ಗಾಳಿಯಲ್ಲಿ 25 ಲೀಟರಿನ ಟ್ಯಾಂಕನ್ನು 8 ಬಾರ್ ಒತ್ತಡದವರೆಗೆ ತುಂಬಿಸಿದರೆ, ಗಾಳಿ ತಣಿದ ಮೇಲೆ ಒಂದು ಚಮಚದಷ್ಟು, ಅಂದರೆ ಸುಮಾರು 5 ಗ್ರಾಂ ನೀರು ತಳದಲ್ಲಿ ಇಳಿಯುತ್ತದೆ. ಒಂದು ದಿನದಲ್ಲಿ ಹತ್ತು ಸಲ ತುಂಬಿದರೆ ಎಷ್ಟಾಯಿತು ನೋಡಿ. ಈ ನೀರು ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಹೊಸದರಂತೆಯೇ ಕಾಣುತ್ತಿರುತ್ತದೆ. ಕೆಲಸ ಮುಗಿದ ಕೂಡಲೇ ಪ್ಲಗ್ ತೆಗೆದು, ಒತ್ತಡವನ್ನು 2 ಬಾರ್‌ಗಿಂತ ಕೆಳಗೆ ಇಳಿಸಿ, ಟ್ಯಾಂಕಿನ ಅಡಿಯ ಡ್ರೈನ್ ಕಾಕನ್ನು (ನೀರು ಬಿಡುವ ನಲ್ಲಿಯನ್ನು) ನಿಧಾನವಾಗಿ ತಿರುಗಿಸಿ. ಕಾಕಿನ ಕಡೆಗೆ ಟ್ಯಾಂಕನ್ನು ತುಸು ವಾಲಿಸಿದರೆ ನೀರು ಪೂರ್ತಿ ಹೋಗುತ್ತದೆ. ಮರುದಿನದವರೆಗೂ ಕಾಕನ್ನು ತೆರೆದೇ ಬಿಡಿ. ಬರುವ ನೀರು ಕಂದು ಬಣ್ಣಕ್ಕಿದ್ದರೆ ಒಳಗೆ ತುಕ್ಕು ಶುರುವಾಗಿದೆ ಎಂದೇ ಅರ್ಥ. ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ವೆಲ್ಡಿಂಗ್ ಮಾಡಿಸಲು ಹೋಗಬೇಡಿ. ಆ ತೂತಿನ ಸುತ್ತಲಿನ ತಗಡೂ ತೆಳುವಾಗಿರುತ್ತದೆ, ಟ್ಯಾಂಕ್ ಸಿಡಿದರೆ ಜೀವಕ್ಕೇ ಅಪಾಯ. ಟ್ಯಾಂಕನ್ನೇ ಬದಲಿಸಿ. ಎಣ್ಣೆ ನೋಡುವ ಗಾಜಿನಲ್ಲಿ ಮಟ್ಟ ಕೆಂಪು ಚುಕ್ಕೆಯ ನಡುವೆ ಇರಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಪೂರ್ತಿ ಸುರಿದು ಹೊಸದು ಹಾಕಿ.

ಕೈ ಡ್ರಿಲ್, ಆ್ಯಂಗಲ್ ಗ್ರೈಂಡರುಗಳಲ್ಲಿ ಕಾರ್ಬನ್ ಬ್ರಶ್, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇಂಗಾಲದ ಜೋಡಿ ತುಂಡುಗಳನ್ನು ನೋಡಿ. ಪ್ಲಗ್ ತೆಗೆದು ಎರಡೂ ಬದಿಯ ಮುಚ್ಚಳ ಬಿಚ್ಚಿದರೆ ಸ್ಪ್ರಿಂಗ್ ಸಮೇತ ಹೊರಬರುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಹಿಂದಿನ ಕವರ್ ತೆಗೆಯಬೇಕಾಗುತ್ತದೆ. ಉದ್ದ 5-6 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ, ಎರಡನ್ನೂ ಒಟ್ಟಿಗೆ. ಒಂದನ್ನೇ ಬದಲಿಸಿದರೆ ಒತ್ತಡ ಸಮವಿರದೆ ಕಿಡಿ ಹೆಚ್ಚುತ್ತದೆ, ಬ್ರಶ್ಶಿಗೆ ಉಜ್ಜಿಕೊಂಡು ತಿರುಗುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ಸುಡುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದೇ ಮುಂಬಯಿಯ ಹತ್ಯಾರು, ವಿದ್ಯುತ್ ಸಾಮಾನಿನ ಪೇಟೆಗಳಾದ ನಾಗದೇವಿ ಸ್ಟ್ರೀಟಿಗೋ ಲೋಹಾರ್ ಚಾಳಿಗೋ ಹೋಗಿ. ಅಳತೆ ಅರ್ಧ ಮಿ.ಮೀ. ದಪ್ಪವಾದರೂ ಹೋಲ್ಡರಿನಲ್ಲಿ ಸಿಕ್ಕಿಬೀಳುತ್ತದೆ. ಹೊಸದು ಹಾಕಿದ ಮೇಲೆ ಐದರಿಂದ ಹತ್ತು ನಿಮಿಷ ಭಾರವಿಲ್ಲದೆ ಓಡಿಸಿ, ಬ್ರಶ್ಶಿನ ಮೊನೆ ಕಮ್ಯುಟೇಟರಿನ ದುಂಡಿಗೆ ಸವೆದು ಕೂರಲಿ.

ಬೆಂಚ್ ಗ್ರೈಂಡರಿನ ಕಲ್ಲನ್ನು ಮಳೆಗಾಲಕ್ಕೆ ಮೊದಲು ಬಿಚ್ಚಿ, ತೂತಿನಲ್ಲಿ ಬೆರಳು ತೂರಿಸಿ ಹಿಡಿದು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಅಂಚಿನ ಹತ್ತಿರ ನಾಲ್ಕು ಕಡೆ ಮೆಲ್ಲಗೆ ತಟ್ಟಿ. ಗಂಟೆಯಂತೆ ದನಿ ಬಂದರೆ ಸರಿ. ದಪ್ಪ್ ಎಂದು ಸತ್ತ ಸದ್ದು ಬಂದರೆ ಒಳಗೆ ಬಿರುಕಿರಬಹುದು, ಅಥವಾ ಕಲ್ಲು ತೇವ ಕುಡಿದಿರಬಹುದು. ಚೆನ್ನಾಗಿ ಒಣಗಿಸಿ ಮತ್ತೆ ತಟ್ಟಿ. ಆಗಲೂ ಹಾಗೇ ಇದ್ದರೆ ಒಡೆದು ಎಸೆಯಿರಿ, ಇನ್ನೊಬ್ಬರ ಕೈಗೆ ಸಿಗದಿರಲಿ. ಕಲ್ಲಿಗೂ ಟೂಲ್ ರೆಸ್ಟಿಗೂ (ಕೆಲಸದ ತುಂಡನ್ನು ಊರುವ ಆಸರೆಗೂ) ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಬಿಡಬೇಡಿ. ಕಲ್ಲು ಸವೆದಂತೆ ಸಂದು ಅಗಲವಾಗುತ್ತ ಹೋಗುತ್ತದೆ, ಕೆಲಸದ ತುಂಡು ಒಳಗೆ ಜಾರಿದರೆ ಕಲ್ಲೇ ಒಡೆದು ಹಾರುತ್ತದೆ. ಮತ್ತೆ ಜೋಡಿಸಿದ ಮೇಲೆ ಬದಿಗೆ ನಿಂತು ಒಂದು ನಿಮಿಷ ಬರಿದೆ ತಿರುಗಿಸಿ.

ಡ್ರಿಲ್ಲಿನಲ್ಲಿ ಬಿಟ್ ಹಿಡಿಯುವ ಚಕ್‌ಗೆ ಎರಡು ಹನಿ ತೆಳು ಎಣ್ಣೆ, ವೈಸಿನ ಸ್ಕ್ರೂಗೆ ಗ್ರೀಸ್, ಅಂಟು ಮೆತ್ತಿದ ಗರಗಸದ ಬ್ಲೇಡಿಗೆ ಸೀಮೆಎಣ್ಣೆ: ಇವು ಹತ್ತು ನಿಮಿಷದ ಕೆಲಸ.

ವಿದ್ಯುತ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಗೋಡೆ ಬೆವರುವ ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್) ಇರಲೇಬೇಕು. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಕೂಡಲೇ ಟ್ರಿಪ್ ಆಗದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸುವವರೆಗೆ ಯಾವ ಮೆಷಿನ್ನೂ ಓಡಿಸಬೇಡಿ. ಮೂರು ಪಿನ್ನಿನ ವಯರನ್ನು ಎರಡು ಪಿನ್ನಿಗೆ ಇಳಿಸಿಕೊಂಡಿದ್ದರೆ ಇವತ್ತೇ ಸರಿಪಡಿಸಿ.

ಇಷ್ಟಾದರೆ ಖಂಡೇನವಮಿಯ ದಿನ ಉಳಿಯುವುದು ಧೂಳು ಒರೆಸಿ ಪೂಜೆ ಮಾಡುವುದಷ್ಟೇ. ಕುಂಕುಮ, ಗಂಧವನ್ನು ಮೆಷಿನ್ನಿನ ಬಣ್ಣದ ಮೈಮೇಲೆ ಇಡಿ. ಬರಿ ಕಬ್ಬಿಣದ ಟೇಬಲ್ಲಿನ ಮೇಲಿಟ್ಟ ಒದ್ದೆ ಬೊಟ್ಟು ರಾತ್ರಿ ಕಳೆಯುವುದರೊಳಗೆ ತುಕ್ಕಿನ ಕಲೆಯಾಗುತ್ತದೆ.